ಯಾವ ಖುಷಿ, ಯಾವಾಗಿನಿಂದ? ತುರುವೇಕೆರೆ ಕಡೆಯ ಒಂದು ಪ್ರಕರಣ

ಇದು ಇಪ್ಪತ್ತು ವರ್ಷದ ಒಬ್ಬ ಹುಡುಗಿಯ ಪ್ರಕರಣ. ಮನೆ ತುರುವೇಕೆರೆ ಕಡೆಯ ಹಳ್ಳಿಯಲ್ಲಿ. ಓದುತ್ತಿದ್ದದ್ದು ತಿಪಟೂರಿನ ಕಾಲೇಜಿನಲ್ಲಿ, ಬಿ.ಕಾಂ. ಎರಡನೇ ವರ್ಷ. ಅವಳನ್ನು ಕರೆದುಕೊಂಡು ಬಂದ ಅಮ್ಮ ಹೇಳಿದ ದೂರು ಒಂದೇ: "ಇವಳಿಗೆ ಯಾವುದರಲ್ಲೂ ಖುಷಿ ಇಲ್ಲ ಮೇಡಂ." ಕೇಳಿದ ಪ್ರಶ್ನೆಯೂ ಒಂದೇ: "ನನ್ನ ತಮ್ಮನ ಹಂಗೇ ಆಗ್ಬಿಡ್ತಾಳಾ?" ಆ ತಮ್ಮನಿಗೆ, ಅಂದರೆ ಹುಡುಗಿಯ ಸೋದರಮಾವನಿಗೆ, ಸ್ಕಿಜೋಫ್ರೇನಿಯಾ ಇದೆ. ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹುಟ್ಟಿಸುವ ಗಂಭೀರ ಮಾನಸಿಕ ಕಾಯಿಲೆ ಅದು.

ನಾನು ಮನೋವೈದ್ಯರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ. ಹುಡುಗಿಯೂ ಅವಳ ಮನೆಯವರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಸಾಕು, ಚಿಕ್ಕವರಲ್ಲಿ ಯಾರಾದರೂ ಮಂಕಾದ ಕೂಡಲೇ ಈ ಅಮ್ಮನ ಪ್ರಶ್ನೆ ಏಳುತ್ತದೆ. ಸುತ್ತಲಿನವರು ಕೊಡುವ ಉತ್ತರ ಎರಡು ಬಗೆಯದು. "ವಯಸ್ಸಿಗೆ ಬಂದಿದಾಳೆ, ಮದುವೆ ಮಾಡಿ, ಸರಿ ಹೋಗ್ತಾಳೆ" ಅನ್ನುವುದು ಒಂದು. "ವಂಶದಲ್ಲಿ ಇದೆಯಲ್ಲ, ಬಂದೇ ಬರುತ್ತೆ" ಅನ್ನುವುದು ಇನ್ನೊಂದು. ಈ ಮನೆಯವರು ಎರಡನ್ನೂ ಕೇಳಿಸಿಕೊಂಡೇ ನಮ್ಮ ಹತ್ತಿರ ಬಂದಿದ್ದರು. ಎರಡೂ ತಪ್ಪು. ಹೇಗೆ ತಪ್ಪು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮನೆಯವರು ಕಂಡದ್ದು

ಹೈಸ್ಕೂಲಿನಲ್ಲಿ ಹುಡುಗಿ ಖೋ ಖೋ ಆಡುತ್ತಿದ್ದಳು, ತಾಲೂಕು ಮಟ್ಟದವರೆಗೂ ಹೋಗಿದ್ದಳು. ಊರಿನ ಜಾತ್ರೆ ಹತ್ತಿರ ಬಂದರೆ ಬಟ್ಟೆ, ಬಳೆ ಅಂತ ಅಮ್ಮನ ಬೆನ್ನು ಬೀಳುತ್ತಿದ್ದಳು. ಬಾಯಿ ಜೋರು, ಗೆಳತಿಯರು ಜಾಸ್ತಿ. ಕಾಲೇಜಿನ ಮೊದಲ ವರ್ಷ ಮುಗಿಯುವ ಹೊತ್ತಿಗೆ ಮೆಲ್ಲಗೆ ಬದಲಾಗತೊಡಗಿದಳು. ಇಂಥ ದಿನದಿಂದ ಅಂತ ಮನೆಯವರಿಗೆ ಹೇಳಲು ಆಗಲಿಲ್ಲ. ಇಂಥ ಪ್ರಕರಣಗಳಲ್ಲಿ ಯಾರಿಗೂ ಆಗುವುದಿಲ್ಲ. ಮೊದಲು ಗೆಳತಿಯರ ಫೋನ್ ತೆಗೆಯುವುದು ನಿಂತಿತು. ಆಮೇಲೆ ದೊಡ್ಡಪ್ಪನ ಮಗಳ ಮದುವೆಗೆ "ನೀವು ಹೋಗಿ ಬನ್ನಿ" ಅಂದಳು. ಕಾಲೇಜಿನಿಂದ ಬಂದರೆ ಕೊಬ್ಬರಿ ಅಟ್ಟದ ಕೆಳಗಿನ ಕೋಣೆ ಸೇರಿ ಸುಮ್ನೆ ಕೂರುತ್ತಿದ್ದಳು. ಎರಡು ವಿಷಯದಲ್ಲಿ ಫೇಲಾದಳು. ತಲೆ ಬಾಚಿಕೊಳ್ಳುವುದಕ್ಕೂ ಯಾರಾದರೂ ಹೇಳಬೇಕಿತ್ತು.

ಅಪ್ಪನಿಗೆ ಮಾತ್ರ ಇದು ಕಾಯಿಲೆ ಅನಿಸಿರಲಿಲ್ಲ. ಅವರ ವಾದಕ್ಕೆ ಆಧಾರವೂ ಇತ್ತು. ತುಮಕೂರಿಗೆ ಹೋಗಿದ್ದಾಗ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದರು. ಮಗಳು ಎರಡು ತಿಂದು "ಚೆನ್ನಾಗಿದೆ" ಅಂದಳು. ಅಕ್ಕನ ಮಗು ಮಡಿಲಿಗೆ ಬಂದರೆ ನಗುತ್ತಿದ್ದಳು. "ತಿಂತಾಳೆ, ನಗ್ತಾಳೆ. ಆದ್ರೆ ತಂದ್ಕೊಡು ಅನ್ನಲ್ಲ. ಮಗೂನ ಎತ್ಕೋತೀನಿ ಅಂತ ತಾನಾಗಿ ಏಳಲ್ಲ. ಇದು ಸೋಮಾರಿತನ ಅಲ್ವಾ ಮೇಡಂ?" ಅಂತ ಕೇಳಿದರು. ಇಡೀ ಪ್ರಕರಣದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರ ಈ ಮಾತು. ಸೋಮಾರಿತನ ಅಂತ ಅವರು ಕೊಟ್ಟ ಹೆಸರು ಸರಿ ಇರಲಿಲ್ಲ, ಆದರೆ ಅವರು ಕಂಡದ್ದು ನೂರಕ್ಕೆ ನೂರು ಸರಿ.

ಹುಡುಗಿ ಹೇಳಿದ್ದು

ಅವಳ ಜೊತೆ ಒಂಟಿಯಾಗಿ ಮಾತಾಡಿದೆ. ಮೊದಲ ಭೇಟಿಯಲ್ಲಿ ಹೌದು, ಇಲ್ಲ ಬಿಟ್ಟರೆ ಮಾತು ಕಡಿಮೆ. ಎರಡನೇ ಸಲ ಬಂದಾಗ ಹೇಳಿದಳು: "ಬೇಜಾರು ಅಂತ ಅಲ್ಲ ಮೇಡಂ. ಏನೂ ಇಲ್ಲ ಅನ್ಸುತ್ತೆ. ನಾಳೆ ಏನಾದ್ರೂ ಚೆನ್ನಾಗಿರುತ್ತೆ ಅಂತ ಅನ್ಸೋದೇ ಇಲ್ಲ. ಮಾಡಿದ್ರೆ ಆ ಹೊತ್ತಿಗೆ ಚೆನ್ನಾಗಿತ್ತು ಅನ್ಸುತ್ತೆ. ಆಮೇಲೆ ಅದೂ ನೆನಪಿರಲ್ಲ."

ಗೆಳತಿಯರ ಬಗ್ಗೆ ಕೇಳಿದೆ. "ಅವ್ರು ನಗ್ತಾರೆ, ನಾನೂ ನಗ್ಬೇಕಲ್ಲ ಅಂತ ನಗ್ತೀನಿ. ಒಳಗೆ ಏನೂ ಆಗಲ್ಲ. ಅದಕ್ಕೇ ಹೋಗೋದು ಬಿಟ್ಟೆ." ಜನರ ಮೇಲೆ ಸಿಟ್ಟಿಲ್ಲ, ನಾಚಿಕೆಯೂ ಅಲ್ಲ. ನಾಚಿಕೆ ಇರುವವರಿಗೆ ಜನರ ಜೊತೆ ಇರಲು ಆಸೆ ಇರುತ್ತದೆ, ಭಯ ತಡೆಯುತ್ತದೆ. ಇವಳಿಗೆ ಆಸೆಯೇ ಹುಟ್ಟುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕೇಳದೆ ಗೊತ್ತಾಗುವುದಿಲ್ಲ.

ಇನ್ನೂ ಒಂದು ವಿಷಯ ಹೊರಬರಲು ಮೂರನೇ ಭೇಟಿಯವರೆಗೆ ಕಾಯಬೇಕಾಯಿತು. ರಾತ್ರಿ ಫ್ಯಾನಿನ ಸದ್ದಿನೊಳಗೆ ಯಾರೋ ತನ್ನ ಹೆಸರು ಕೂಗಿದ ಹಾಗೆ ಆಗುತ್ತದೆ. ವಾರಕ್ಕೆ ಒಂದೆರಡು ಸಲ. ತಿಪಟೂರಿನ ಬಸ್ಸಿನಲ್ಲಿ ಹಿಂದೆ ಕೂತವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸುತ್ತದೆ. "ಇಲ್ಲ ಅಂತ ನನಗೆ ಗೊತ್ತು. ಆದ್ರೂ ಅನ್ಸುತ್ತೆ" ಅಂದಳು. ಈ "ಗೊತ್ತು" ಅನ್ನುವ ಮಾತು ದೊಡ್ಡದು. ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿ, ಪೂರ್ತಿ ಹಿಡಿದಾಗ ಇದು ನಿಜ ಅಲ್ಲ ಅನ್ನುವ ತಿಳಿವು ಉಳಿಯುವುದಿಲ್ಲ, ಕೇಳಿದ್ದೆಲ್ಲ ನಿಜವಾಗಿಬಿಡುತ್ತದೆ. ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದಾಗ ಅವಳು ಕೊಟ್ಟ ಉತ್ತರ ನನ್ನನ್ನು ಬಹಳ ಕಾಡಿತು: "ಹೇಳಿದ್ರೆ ಮಾವನ ಲೆಕ್ಕಕ್ಕೆ ಸೇರಿಸ್ಬಿಡ್ತಾರೆ."

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳುವುದೇ ಒಳ್ಳೆಯದು. "ಸಾಯ್ಬೇಕು ಅಂತ ಇಲ್ಲ. ಇದ್ದು ಏನು ಮಾಡೋದು ಅನ್ಸುತ್ತೆ" ಅಂದಳು. ಯಾವ ತಯಾರಿಯೂ ಇರಲಿಲ್ಲ. ಆದರೂ ತೋಟಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿ ಇಡಲು ಅಪ್ಪನಿಗೆ ಅವತ್ತೇ ಹೇಳಿದೆವು. ರೈತರ ಮನೆಯಲ್ಲಿ ಈ ಒಂದು ಕೆಲಸ ಜೀವ ಉಳಿಸುತ್ತದೆ.

ಸೋದರಮಾವನ ಕತೆ

ಅಮ್ಮನ ಭಯ ಸುಮ್ಮನೆ ಹುಟ್ಟಿದ್ದಲ್ಲ. ತಮ್ಮನಿಗೆ ಇಪ್ಪತ್ತೆರಡರ ಹೊತ್ತಿಗೆ ಕಿವಿಯಲ್ಲಿ ದನಿ ಕೇಳತೊಡಗಿತ್ತು. ಪಕ್ಕದ ತೋಟದವರು ಮಾಟ ಮಾಡಿಸಿದ್ದಾರೆ ಅಂತ ಮಚ್ಚು ಹಿಡಿದು ಹೋಗಿದ್ದ. ಮನೆಯವರು ವರ್ಷಗಟ್ಟಲೆ ದೇವಸ್ಥಾನ, ದರ್ಗಾ, ಮಂತ್ರ ಹಾಕುವವರು ಅಂತ ಸುತ್ತಿದರು. ಔಷಧಿ ಶುರುವಾದದ್ದು ತುಂಬಾ ತಡವಾಗಿ, ಆಶಾ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ವಿಚಾರಿಸಿದ ಮೇಲೆ. ತುರುವೇಕೆರೆ ತಾಲೂಕಿಗೆ ಈ ವಿಷಯದಲ್ಲಿ ಒಂದು ಭಾಗ್ಯ ಇದೆ. ತೀರ್ಥಹಳ್ಳಿಯ ಹಾಗೆ ಇಲ್ಲೂ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಊರಿನ ಹತ್ತಿರವೇ ಚಿಕಿತ್ಸೆ ಕೊಡಿಸುವ ಕೆಲಸವನ್ನು ವರ್ಷಗಳಿಂದ ಮಾಡಿದೆ.

ಮಾವ ಈಗ ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಾನೆ. ದನಿಗಳು ನಿಂತಿವೆ. ಕಾಯಿ ಸುಲಿಯುತ್ತಾನೆ, ಕೊಬ್ಬರಿ ಕೆಲಸ ಮಾಡುತ್ತಾನೆ. ಆದರೆ ಅಮ್ಮ ಹೇಳುವ ಹಾಗೆ, "ಹಬ್ಬ ಅಂದ್ರೂ ಒಂದೇ, ಸಾವು ಅಂದ್ರೂ ಒಂದೇ ಅವನಿಗೆ. ಮಾತ್ರೆ, ಸೂಜಿಯಿಂದ ಹಿಂಗೆ ಮಂಕಾಗಿದಾನೆ." ಈ ಮಾತಿನಲ್ಲಿ ಒಂದಿಷ್ಟು ನಿಜ ಇದೆ. ಮೆದುಳಿನ ಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸವನ್ನು ಈ ಔಷಧಿಗಳು ತಡೆಯುತ್ತವೆ. ಡೋಸ್ ಜಾಸ್ತಿಯಾದರೆ ಮನಸ್ಸು ಮಂಕಾಗಬಹುದು. ಅದನ್ನು ಡಾಕ್ಟರಿಗೆ ಹೇಳಿ ಸರಿಮಾಡಿಸಿಕೊಳ್ಳಬೇಕು.

ಆದರೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. "ಅಮ್ಮ, ದನಿ ಕೇಳೋಕೆ ಮುಂಚೆ ಹೇಗಿದ್ದ?" ಸ್ವಲ್ಪ ಹೊತ್ತು ಯೋಚಿಸಿದರು. ಹದಿನೆಂಟರ ಹೊತ್ತಿಗೇ ವಾಲಿಬಾಲ್ ಬಿಟ್ಟಿದ್ದ. ಗೆಳೆಯರು ಬಂದು ಕರೆದರೆ ಮನೆಯಲ್ಲಿ ಇಲ್ಲ ಅಂತ ಹೇಳಿಸುತ್ತಿದ್ದ. ಮಾತ್ರೆ ನುಂಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಖುಷಿ ಹೋಗಿತ್ತು. ದನಿ, ಅನುಮಾನ ಕಾಣಿಸಿಕೊಂಡಾಗ ಊರಿಗೆಲ್ಲ ಗೊತ್ತಾಗುತ್ತದೆ. ಖುಷಿ ಕಳೆದುಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಔಷಧಿ ಕೂಡ ದನಿಯನ್ನು ನಿಲ್ಲಿಸುವಷ್ಟು ಚೆನ್ನಾಗಿ ಖುಷಿಯನ್ನು ಮರಳಿ ತರುವುದಿಲ್ಲ.

ಇದನ್ನು ಹೇಳುತ್ತಲೇ ಅಮ್ಮನ ಮುಖ ಬಾಡಿತು. ಮಗಳೂ ಅದೇ ದಾರಿಯಲ್ಲಿ ಇದ್ದಾಳೆ ಅಂತ ಅವರಿಗೆ ಖಾತ್ರಿಯಾದ ಹಾಗಿತ್ತು. ಇಲ್ಲೇ ನಿಂತು ವಿವರಿಸಬೇಕಿತ್ತು.

ಹಿಂದಕ್ಕೆ ನೋಡುವುದು, ಮುಂದಕ್ಕೆ ನೋಡುವುದು

ಖುಷಿಪಡುವ ಶಕ್ತಿ ಕುಂದುವುದಕ್ಕೆ ಅನ್‌ಹೆಡೋನಿಯಾ ಅಂತ ಹೆಸರಿಟ್ಟದ್ದು ಫ್ರಾನ್ಸಿನ ಥಿಯೊಡ್ಯೂಲ್ ರಿಬೊ, 1896ರಲ್ಲಿ. ಸ್ಕಿಜೋಫ್ರೇನಿಯಾವನ್ನು ಮೊದಲು ವಿವರಿಸಿದ ಕ್ರೇಪೆಲಿನ್ ಮತ್ತು ಬ್ಲಾಯ್ಲರ್ ಕೂಡ ತಮ್ಮ ರೋಗಿಗಳಲ್ಲಿ ಈ ಬರಡುತನ ಕಂಡಿದ್ದರು. ಇದು ಕಾಯಿಲೆ ಬಂದ ಮೇಲೆ ಆಗುವುದಷ್ಟೇ ಅಲ್ಲ, ಕಾಯಿಲೆಯತ್ತ ಹುಟ್ಟಿನಿಂದಲೇ ಇರುವ ಒಲವಿನ ಗುರುತೂ ಆಗಿರಬಹುದು ಅಂತ 1962ರಲ್ಲಿ ವಾದಿಸಿದವರು ಅಮೆರಿಕದ ಪಾಲ್ ಮೀಲ್. ವಾದವನ್ನು ಅಳೆದು ನೋಡಬೇಕಲ್ಲ? ವಿಸ್ಕಾನ್ಸಿನ್ನಿನ ಲೋರೆನ್ ಮತ್ತು ಜೀನ್ ಚಾಪ್‌ಮನ್ ದಂಪತಿ 1976ರಲ್ಲಿ ಅದಕ್ಕೆ ಪ್ರಶ್ನಾವಳಿ ಮಾಡಿದರು. ಊಟ, ವಾಸನೆ, ಸ್ಪರ್ಶದಿಂದ ಸಿಗುವ ಖುಷಿಗೆ ಒಂದು. ಜನರ ಜೊತೆಯಿಂದ ಸಿಗುವ ಖುಷಿಗೆ ಇನ್ನೊಂದು. ಆಮೇಲೆ ಅದಕ್ಕೆ ಉತ್ತರಿಸಿದ ಕಾಲೇಜು ಹುಡುಗ ಹುಡುಗಿಯರನ್ನು ಹತ್ತು ವರ್ಷ ಗಮನಿಸುತ್ತಾ ಬಂದರು.

ಫಲಿತಾಂಶ ಒಂದೇ ಗೆರೆಯಲ್ಲಿ ಇರಲಿಲ್ಲ. ಊಟ, ಸ್ಪರ್ಶದ ಖುಷಿ ಕಡಿಮೆ ಇದ್ದದ್ದರಿಂದ ಮಾತ್ರ ಮುಂದೆ ಸೈಕೋಸಿಸ್ ಬರುತ್ತದೆ ಅಂತ ಹೇಳಲು ಆಗಲಿಲ್ಲ. ಜನರ ಜೊತೆಯ ಖುಷಿ ಇಲ್ಲದವರ ಕತೆ ಬೇರೆಯಾಯಿತು. ಥಾಮಸ್ ಕ್ವಾಪಿಲ್ 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಂಥ 34 ಜನರಲ್ಲಿ ಶೇ 24 ಮಂದಿಗೆ ಹತ್ತು ವರ್ಷದಲ್ಲಿ ಸ್ಕಿಜೋಫ್ರೇನಿಯಾ ಗುಂಪಿಗೆ ಸೇರಿದ ಯಾವುದಾದರೂ ತೊಂದರೆ ಕಾಣಿಸಿಕೊಂಡಿತ್ತು. ಹೋಲಿಕೆಗೆ ಇಟ್ಟುಕೊಂಡ ಗುಂಪಿನಲ್ಲಿ ಅದು ಶೇ 1.

ಈ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. 34 ಸಣ್ಣ ಸಂಖ್ಯೆ. ಆ ಗುಂಪಿನ ತೊಂದರೆಗಳಲ್ಲಿ ಹೆಚ್ಚಿನವು ಸ್ವಭಾವದ ಬಗೆಯವು: ಜನರಿಂದ ದೂರ ಇರುವುದು, ವಿಪರೀತ ಅನುಮಾನ, ವಿಚಿತ್ರ ನಂಬಿಕೆ. ಎಲ್ಲರಿಗೂ ಸ್ಕಿಜೋಫ್ರೇನಿಯಾ ಬಂತು ಅಂತ ಅಲ್ಲ. ಎಲ್ಲಕ್ಕಿಂತ ಮುಖ್ಯ, ನಾಲ್ವರಲ್ಲಿ ಮೂವರಿಗೆ ಇಂಥದ್ದೇನೂ ಆಗಲಿಲ್ಲ.

ಕಾಯಿಲೆ ಬಂದವರಿಂದ ಹಿಂದಕ್ಕೆ ನೋಡಿದರೆ ಬಹಳಷ್ಟು ಜನರಲ್ಲಿ ಮೊದಲು ಖುಷಿ ಹೋಗಿದ್ದು ಕಾಣುತ್ತದೆ. ಖುಷಿ ಹೋದವರಿಂದ ಮುಂದಕ್ಕೆ ನೋಡಿದರೆ ಹೆಚ್ಚಿನವರಿಗೆ ಆ ಕಾಯಿಲೆ ಬರುವುದೇ ಇಲ್ಲ. ಅಮ್ಮ ತಮ್ಮನ ಬದುಕನ್ನು ಹಿಂದಿನಿಂದ ಓದುತ್ತಿದ್ದರು, ಅದನ್ನೇ ಮಗಳ ಮುಂದಿನ ಬದುಕು ಅಂದುಕೊಂಡಿದ್ದರು.

ಇದನ್ನು ನನಗಿಂತ ಚೆನ್ನಾಗಿ ಹಿಡಿದವರು ಅಪ್ಪ. "ಅಂದ್ರೆ ತೆಂಗಿನ ಹರಳು ಉದುರಿದ ಹಂಗೆ" ಅಂದರು. "ಅಣಬೆ ರೋಗ ಬಂದ ಮರದಲ್ಲೂ ಹರಳು ಉದುರುತ್ತೆ. ಹಂಗಂತ ಹರಳು ಉದುರಿದ ಮರಕ್ಕೆಲ್ಲ ಅಣಬೆ ರೋಗ ಇರಲ್ಲ. ನೀರು ಸಾಲದೆ ಇರಬಹುದು, ಗೊಬ್ಬರ ಸಾಲದೆ ಇರಬಹುದು. ಬುಡ ನೋಡ್ಬೇಕು." ಹೌದು, ಬುಡ ನೋಡಬೇಕು. ಹಾಗೆಂದು ಉದುರುವುದನ್ನು ಕಡೆಗಣಿಸಿ ಕೂರುವ ಹಾಗೂ ಇಲ್ಲ. ಹೆಂಡತಿಗೆ ಆ ಮಾತು ನನ್ನ ಅಂಕಿಗಳಿಗಿಂತ ಬೇಗ ಅರ್ಥವಾಯಿತು.

ವಂಶದ ಲೆಕ್ಕವನ್ನೂ ಬಿಡಿಸಿ ಹೇಳಿದೆವು. ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ಸ್ಕಿಜೋಫ್ರೇನಿಯಾ ಬರುವುದು ಸುಮಾರು ನೂರಕ್ಕೆ ಒಬ್ಬರಿಗೆ. ಒಡಹುಟ್ಟಿದವರಿಗೆ ಇದ್ದರೆ ನೂರಕ್ಕೆ ಒಂಬತ್ತು ಹತ್ತು. ಸೋದರಮಾವನಿಗೆ ಇದ್ದರೆ ಮೂರ್ನಾಲ್ಕು. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧದ ಆಸುಪಾಸು ಅಷ್ಟೇ. ವಂಶದಲ್ಲಿ ಇದ್ದರೆ ಬಂದೇ ಬರುತ್ತದೆ ಅನ್ನುವ ಮಾತಿಗೆ ಇಷ್ಟೇ ಉತ್ತರ ಸಾಕು.

ಆದರೆ ಹುಡುಗಿಯಲ್ಲಿ ಖುಷಿ ಇಲ್ಲದಿರುವುದು ಒಂದೇ ಇರಲಿಲ್ಲ. ಹೆಸರು ಕೂಗಿದ ಹಾಗೆ ಆಗುವುದು, ಬಸ್ಸಿನ ಅನುಮಾನ, ಓದಿನಲ್ಲಿ ಬಿದ್ದದ್ದು, ಜೊತೆಗೆ ಮಾವ. 1990ರ ದಶಕದಲ್ಲಿ ಮೆಲ್ಬರ್ನಿನ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಆಲಿಸನ್ ಯಂಗ್ ಇಂಥ ಅರೆಬರೆ ಲಕ್ಷಣ ಇರುವ ಯುವಜನರಿಗಾಗಿಯೇ ಒಂದು ಕ್ಲಿನಿಕ್ ನಡೆಸಿದರು. ಅಲ್ಲಿಂದೀಚೆಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ, ಹೀಗೆ ಸಹಾಯ ಹುಡುಕಿಕೊಂಡು ಬಂದವರಲ್ಲಿ ಎರಡು ಮೂರು ವರ್ಷದೊಳಗೆ ಸೈಕೋಸಿಸ್ ಬರುವುದು ಐದರಲ್ಲಿ ಅಥವಾ ನಾಲ್ಕರಲ್ಲಿ ಒಬ್ಬರಿಗೆ. ಈ ಹುಡುಗಿಗೆ ಬೇರೆಯವರಿಗಿಂತ ಅಪಾಯ ಜಾಸ್ತಿ ಇತ್ತು, ಆದರೆ ಬರದೇ ಇರುವ ಸಾಧ್ಯತೆ ಅದಕ್ಕಿಂತಲೂ ಜಾಸ್ತಿ ಇತ್ತು. ಎರಡನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ.

ಬುಡ ನೋಡಿದ್ದು

ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9ರ ಆಸುಪಾಸು ಇತ್ತು. ಸುಸ್ತಿಗೆ ಅದೂ ಕಾರಣ. ಗಾಂಜಾ ಮುಟ್ಟಿರಲಿಲ್ಲ. ಇದನ್ನು ಈಗ ಹುಡುಗಿಯರಲ್ಲೂ ಕೇಳಲೇಬೇಕು, ಯಾಕೆಂದರೆ ಗಾಂಜಾ ಸೈಕೋಸಿಸ್ ಅಪಾಯವನ್ನು ಹೆಚ್ಚಿಸುತ್ತದೆ. ನಿದ್ದೆ ಕೆಟ್ಟಿತ್ತು. ರಾತ್ರಿ ಎರಡರವರೆಗೆ ಫೋನ್ ನೋಡುತ್ತಾ ಮಲಗಿರುತ್ತಿದ್ದಳು, ಏನು ನೋಡಿದೆ ಅಂತ ಬೆಳಿಗ್ಗೆ ನೆನಪಿರುತ್ತಿರಲಿಲ್ಲ.

ಖುಷಿ ಹೋಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಸ್ಕಿಜೋಫ್ರೇನಿಯಾ ಅಲ್ಲ, ಖಿನ್ನತೆ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಟ್ಟಿದ್ದರೆ ಖಿನ್ನತೆಯ ಬಗ್ಗೆ ಯೋಚಿಸಬೇಕು. ಅಳು ಇರಲೇಬೇಕು ಅಂತ ಏನೂ ಇಲ್ಲ. ಇವಳಲ್ಲಿ ಆ ಲಕ್ಷಣಗಳು ಸಾಕಷ್ಟಿದ್ದವು. ಮನೋವೈದ್ಯರ ತೀರ್ಮಾನ: ಮಧ್ಯಮ ಮಟ್ಟದ ಖಿನ್ನತೆ, ಅದರ ಜೊತೆ ಗಮನ ಇಟ್ಟು ನೋಡುತ್ತಾ ಇರಬೇಕಾದ ಅರೆಬರೆ ಸೈಕೋಸಿಸ್ ಲಕ್ಷಣಗಳು. ಸ್ಕಿಜೋಫ್ರೇನಿಯಾ ಅನ್ನುವ ಪದ ಅವಳ ಚೀಟಿಯಲ್ಲಿ ಬರಲಿಲ್ಲ.

ಅಪ್ಪ ಕಂಡ ಆ ಸೂಕ್ಷ್ಮ

ಮತ್ತೆ ತಟ್ಟೆ ಇಡ್ಲಿಗೆ ಬರುತ್ತೇನೆ. ಖುಷಿ ಅಂದರೆ ಒಂದೇ ಅಲ್ಲ. ಸಿಕ್ಕಾಗ ಆಗುವ ಖುಷಿ ಒಂದು. ಸಿಗುತ್ತದೆ ಅಂತ ಮೊದಲೇ ಆಗುವ ಖುಷಿ ಇನ್ನೊಂದು. ಜಾತ್ರೆಯ ದಿನಕ್ಕಿಂತ ಜಾತ್ರೆಯ ಹಿಂದಿನ ವಾರ ಮಕ್ಕಳು ಹೆಚ್ಚು ಕುಣಿಯುತ್ತಾರಲ್ಲ, ಅದೇ ಈ ಎರಡನೆಯದು. ನಮ್ಮನ್ನು ಎಬ್ಬಿಸಿ ನಡೆಸುವುದು ಇದೇ. 1990ರ ದಶಕದಲ್ಲಿ ಕೋತಿಗಳ ಮೇಲೆ ಪ್ರಯೋಗ ಮಾಡಿದ ವೋಲ್ಫ್ರಾಮ್ ಷುಲ್ಟ್ಸ್ ಇದರ ಒಂದು ಮೂಲವನ್ನು ಮೆದುಳಿನಲ್ಲಿ ಕಂಡರು. ಹಣ್ಣಿನ ರಸ ಸಿಕ್ಕಾಗ ಮಿಡಿಯುತ್ತಿದ್ದ ಡೋಪಮಿನ್ ಕೋಶಗಳು, ಕೋತಿ ಕಲಿತ ಮೇಲೆ ರಸ ಬರುವ ಸೂಚನೆಗೇ ಮಿಡಿಯತೊಡಗಿದವು.

ಸ್ಕಿಜೋಫ್ರೇನಿಯಾ ಇರುವವರು ಏನನ್ನೂ ಅನುಭವಿಸಲಾರರು ಅಂತ ಬಹಳ ಕಾಲ ನಂಬಲಾಗಿತ್ತು. ಆನ್ ಕ್ರಿಂಗ್ ಮತ್ತು ಜೊತೆಯವರು ಅದನ್ನು ಪರೀಕ್ಷಿಸಿ ನೋಡಿದರು. ಸಿಹಿ ತಿಂದಾಗ, ಹಾಸ್ಯದ ದೃಶ್ಯ ನೋಡಿದಾಗ ಆ ಹೊತ್ತಿನಲ್ಲಿ ರೋಗಿಗಳಿಗೂ ಉಳಿದವರಷ್ಟೇ ಖುಷಿ ಆಗುತ್ತಿತ್ತು. ಡೇವಿಡ್ ಗಾರ್ಡ್, ಕ್ರಿಂಗ್ ಮುಂತಾದವರು 2007ರಲ್ಲಿ ತೋರಿಸಿದ ಹಾಗೆ, ಅವರಲ್ಲಿ ಕಡಿಮೆ ಇದ್ದದ್ದು ಮುಂದೆ ಸಿಗಲಿರುವ ಖುಷಿಯನ್ನು ಎದುರು ನೋಡುವ ಶಕ್ತಿ. ಮುಖದಲ್ಲಿ ನಗು ಮೂಡದಿದ್ದರೆ ಒಳಗೆ ಏನೂ ಇಲ್ಲ ಅಂತ ತಿಳಿಯುವುದು ತಪ್ಪು. ಮಾವನ ವಿಷಯದಲ್ಲಿ ಮನೆಯವರು ಅದೇ ತಪ್ಪು ತಿಳಿದಿದ್ದರು. ಹಬ್ಬದ ಊಟಕ್ಕೆ ಅವನನ್ನು ಕರೆಯುವುದನ್ನೇ ಬಿಟ್ಟಿದ್ದರು.

ಖಿನ್ನತೆಯಲ್ಲೂ ಎದುರು ನೋಡುವ ಖುಷಿ ಕುಂದುತ್ತದೆ. ಹಾಗಾಗಿ ಇಡ್ಲಿ ಕೇಳದೆ ತಿಂದದ್ದರಿಂದ ಹುಡುಗಿಗೆ ಸ್ಕಿಜೋಫ್ರೇನಿಯಾ ಇದೆ ಅಂತಲೋ ಇಲ್ಲ ಅಂತಲೋ ಹೇಳಲಾಗದು. ಆದರೆ ಚಿಕಿತ್ಸೆ ಎಲ್ಲಿಂದ ಶುರು ಮಾಡಬೇಕು ಅಂತ ಅದು ತೋರಿಸಿತು. ಖುಷಿಯ ಕೊನೆಯ ಮೆಟ್ಟಿಲು ಗಟ್ಟಿಯಾಗಿಯೇ ಇತ್ತು. ಮೊದಲ ಮೆಟ್ಟಿಲು ಕುಸಿದಿತ್ತು. "ನಿನಗೆ ಇಷ್ಟ ಬಂದಾಗ ಮಾಡು" ಅಂತ ಇಂಥವರಿಗೆ ಹೇಳಿದರೆ ಆ ಇಷ್ಟ ಬರುವುದೇ ಇಲ್ಲ.

ನಮ್ಮಲ್ಲಿ ಈ ಪ್ರಶ್ನೆಗಳನ್ನು ಕೇಳುವ ಬಗೆಯೂ ನಮ್ಮದೇ ಆಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಪರದೇಶದ ಪ್ರಶ್ನಾವಳಿಯನ್ನು ಹಾಗೇ ಕನ್ನಡಕ್ಕೆ ಇಳಿಸಿ ಕೇಳಿದರೆ ಹಳ್ಳಿಯ ಹುಡುಗಿ "ಗೊತ್ತಿಲ್ಲ" ಅನ್ನುತ್ತಾಳೆ. ನಾನು ಕೇಳಿದ್ದು ಇಂಥವು: ಮಳೆ ಬಿದ್ದ ಮೊದಲ ದಿನದ ವಾಸನೆ ಹೇಗನಿಸಿತು? ಒಬ್ಬಟ್ಟಿಗೆ ಬೇಳೆ ಬೇಯಿಸುವಾಗ ಅಡುಗೆಮನೆಗೆ ಹೋದೆಯಾ? ಜಾತ್ರೆ ಯಾವಾಗ ಅಂತ ಕ್ಯಾಲೆಂಡರ್ ನೋಡಿದೆಯಾ? ಬಸ್ಸಿನಲ್ಲಿ ಗೆಳತಿ ಪಕ್ಕ ಸೀಟು ಹಿಡಿದಿಟ್ಟರೆ ಏನನಿಸುತ್ತದೆ? ಮೊದಲಿಂದಲೂ ಹೀಗೇನಾ, ಈಗೀಗ ಹೀಗಾ? ಈ ಕೊನೆಯ ಪ್ರಶ್ನೆ ಬಿಡಲೇಬಾರದು. ಚಿಕ್ಕಂದಿನಿಂದ ಒಂಟಿಯಾಗಿ, ತನ್ನ ಪಾಡಿಗೆ ನೆಮ್ಮದಿಯಿಂದ ಇರುವ ಮಗುವಿಗೂ, ಹತ್ತು ಗೆಳತಿಯರ ನಡುವೆ ಇದ್ದು ಒಂದು ವರ್ಷದಲ್ಲಿ ಎಲ್ಲ ಬಿಟ್ಟ ಹುಡುಗಿಗೂ ತುಂಬಾ ವ್ಯತ್ಯಾಸ ಇದೆ.

ನಾವು ಮಾಡಿದ್ದು

ಸೈಕೋಸಿಸ್‌ಗೆ ಕೊಡುವ ಔಷಧಿಯನ್ನು ಮನೋವೈದ್ಯರು ಶುರು ಮಾಡಲಿಲ್ಲ. ಅಮ್ಮನಿಗೆ ಇದು ಆಶ್ಚರ್ಯ. "ತಮ್ಮಂಗೆ ಕೊಡೋದನ್ನೇ ಮುಂಚೇನೇ ಕೊಟ್ಬಿಟ್ರೆ ಬರೋದೇ ಇಲ್ವಲ್ಲ?" ಅಂತ ಕೇಳಿದರು. ಹಾಗೆ ತಡೆಯುವುದಕ್ಕಾಗಿಯೇ ಆ ಔಷಧಿ ಕೊಡಬೇಡಿ, ಮಾತಿನ ಚಿಕಿತ್ಸೆ ಮತ್ತು ಮನೆಯವರ ಜೊತೆ ಕೆಲಸ ಮೊದಲು ಅನ್ನುವುದು ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2014ರಲ್ಲಿ ಕೊಟ್ಟ ಸಲಹೆ. ತೂಕ ಹೆಚ್ಚುವುದು, ಸಕ್ಕರೆ ಏರುವುದು, ಮಂಕು, ಇವೆಲ್ಲ ಆ ಔಷಧಿಗಳ ಜೊತೆಗೇ ಬರಬಹುದು. ನಾಲ್ವರಲ್ಲಿ ಮೂವರಿಗೆ ಬೇಕೇ ಇಲ್ಲದ ಔಷಧಿ ಅದು. ಖಿನ್ನತೆಗೆ ಒಂದು ಮಾತ್ರೆ, ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಶುರುವಾಯಿತು. ರಾತ್ರಿ ಹತ್ತಕ್ಕೆ ಫೋನ್ ಅಪ್ಪನ ಕೈಗೆ.

ನನ್ನ ಕೆಲಸ ಆ ಕುಸಿದ ಮೆಟ್ಟಿಲಿನದು. ವಾರಕ್ಕೆ ಮೂರು ಸಣ್ಣ ಕೆಲಸ ಆರಿಸಿಕೊಂಡೆವು. ಅಕ್ಕನ ಮಗುವಿಗೆ ಸ್ನಾನ ಮಾಡಿಸುವುದು, ಸಂಜೆ ಅಪ್ಪನ ಜೊತೆ ತೋಟಕ್ಕೆ ಒಂದು ಸುತ್ತು, ಒಬ್ಬಳೇ ಗೆಳತಿಯ ಜೊತೆ ಹತ್ತು ನಿಮಿಷ ಮಾತು. ಹೊತ್ತು ಮೊದಲೇ ನಿಗದಿ. ಮನಸ್ಸಿಲ್ಲದಿದ್ದರೂ ಮಾಡಬೇಕು. ಮಾಡುವ ಮುಂಚೆ, ಎಷ್ಟು ಖುಷಿ ಆಗಬಹುದು ಅಂತ ಹತ್ತರಲ್ಲಿ ಒಂದು ಅಂಕ ಬರೆಯಬೇಕು. ಮಾಡಿದ ಮೇಲೆ ಎಷ್ಟಾಯಿತು ಅಂತ ಇನ್ನೊಂದು. ಮೊದಲ ಕಾಲಂನಲ್ಲಿ ಬರೀ ಸೊನ್ನೆ, ಒಂದು. ಎರಡನೆಯದರಲ್ಲಿ ನಾಲ್ಕು, ಐದು, ಮಗುವಿನ ಸ್ನಾನಕ್ಕೆ ಒಮ್ಮೆ ಏಳು. ಕೆಲವು ವಾರದ ಮೇಲೆ ಪುಸ್ತಕ ತಿರುವಿ ಅವಳೇ ಹೇಳಿದಳು: "ನನ್ನ ಅಂದಾಜೇ ತಪ್ಪಾಗ್ತಿದೆ ಮೇಡಂ." ಇದಾದ ಮೇಲೆ ಅವಳನ್ನು ಎಬ್ಬಿಸುವುದು ಸ್ವಲ್ಪ ಸುಲಭವಾಯಿತು. ಆದ ಖುಷಿ ಮರೆತುಹೋಗುತ್ತದೆ ಅನ್ನುತ್ತಿದ್ದಳಲ್ಲ, ಅದಕ್ಕೆ ರಾತ್ರಿ ಮಲಗುವ ಮುಂಚೆ ಆ ದಿನದ ಒಂದು ಗಳಿಗೆಯನ್ನು ಅಮ್ಮನಿಗೆ ವಿವರವಾಗಿ ಹೇಳುವುದು ಅಂತ ಮಾಡಿದೆವು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಪರೀಕ್ಷೆಯ ಹೊತ್ತಿಗೆ ಪುಸ್ತಕದಲ್ಲಿ ಅಂಕ ಬರೆಯುವುದು ನಿಂತಿತು. ಹೆಸರು ಕೂಗಿದ ಹಾಗೆ ಆಗುವುದು ಮತ್ತೆ ಜಾಸ್ತಿಯಾಯಿತು. ನಿದ್ದೆ ಕೆಟ್ಟ ವಾರಗಳಲ್ಲೇ ಹಾಗಾಗುತ್ತಿತ್ತು ಅನ್ನುವುದನ್ನು ಅವಳೇ ಗುರುತಿಸಿದಳು. ಭಯ ಅರ್ಧ ಇಳಿದದ್ದು ಆಗ.

ಮನೆಯವರ ಜೊತೆಗಿನ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಿತು. "ಮಾವನ ಥರ ಮಾಡ್ಬೇಡ" ಅನ್ನುವ ಮಾತನ್ನು ಆ ಮನೆಯಿಂದ ತೆಗೆದುಹಾಕಬೇಕಿತ್ತು. ಮಗಳಿಗೆ ಅದು ಬೈಗುಳ, ಅದನ್ನು ಕೇಳಿಸಿಕೊಳ್ಳುವ ಮಾವನಿಗೂ ಬೈಗುಳ. ಅಮ್ಮ ತನ್ನ ರಕ್ತದಿಂದಲೇ ಇದು ಬಂತು ಅಂತ ಒಳಗೊಳಗೇ ನೊಂದುಕೊಂಡಿದ್ದರು. ಅತ್ತೆ ಮನೆಯವರೂ ಅದನ್ನೇ ಆಗಾಗ ಹೇಳಿ ಚುಚ್ಚುತ್ತಿದ್ದರು. ಈ ಕಾಯಿಲೆಗೆ ಒಂದೇ ಜೀನ್ ಇಲ್ಲ, ನೂರಾರು ಸಣ್ಣ ಸಣ್ಣ ಕಾರಣ ಸೇರಬೇಕು, ಯಾರ ತಪ್ಪೂ ಅಲ್ಲ ಅಂತ ಬೇರೆ ಬೇರೆ ಬಗೆಯಲ್ಲಿ ಮತ್ತೆ ಮತ್ತೆ ಹೇಳಿದೆವು. ಅಪ್ಪ ಮುಂದೆ ಬಂದು ತಮ್ಮ ತಾಯಿಯ ಹತ್ತಿರ ಮಾತಾಡಿದರು. ಅದು ನಮ್ಮ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ಮದುವೆಯ ಮಾತು

ನಡುವೆ ಒಂದು ಸಂಬಂಧ ಬಂತು. ಮದುವೆಯಾದರೆ ಹೊಸ ಮನೆ, ಹೊಸ ಜನ, ತಾನಾಗೇ ಖುಷಿ ಬರುತ್ತದೆ ಅಂತ ಬಂಧುಗಳು ಒತ್ತಾಯ ಮಾಡಿದರು. ನಾನು ಇಲ್ಲಿ ಗಟ್ಟಿಯಾಗಿ ಬೇಡ ಅಂದೆ. ಜನರ ನಡುವೆ ಇರುವುದೇ ಭಾರವಾದ ಹುಡುಗಿಗೆ ಒಂದೇ ದಿನದಲ್ಲಿ ಅಪರಿಚಿತರ ಇಡೀ ಮನೆಯನ್ನು ಕೊಟ್ಟರೆ, ನಿದ್ದೆ ಕೆಡುತ್ತದೆ, ಮಾತ್ರೆಯನ್ನು ಮುಚ್ಚಿಟ್ಟು ನುಂಗಬೇಕಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಮದುವೆ ಬೇಡವೇ ಬೇಡ ಅಂತ ನಾವು ಹೇಳಲಿಲ್ಲ. ಅವಳ ಡಿಗ್ರಿ ಮುಗಿಯಲಿ, ಅವಳ ಮನಸ್ಸು ಕೇಳಿ ಅಂದೆವು. ಗಂಡಿನ ಕಡೆಯವರಿಗೆ ಏನು ಹೇಳಬೇಕು ಅಂತ ಅ‌ಮ್ಮ ಕೇಳಿದರು. ಮಾವನ ಕಾಯಿಲೆಯನ್ನು ಮುಚ್ಚಿಡಬೇಡಿ, ಮಗಳಿಗೆ ಇಲ್ಲದ ಕಾಯಿಲೆಯನ್ನು ಇದೆ ಅಂತಲೂ ಹೇಳಬೇಡಿ ಅಂದೆ. ಆ ಸಂಬಂಧ ಮುಂದುವರಿಯಲಿಲ್ಲ. ಹುಡುಗಿಗೆ ಅದರಿಂದ ನಿರಾಳವಾಯಿತು.

ಈಗಿನ ಸ್ಥಿತಿ

ಒಂದೂವರೆ ವರ್ಷ ಆಗಿದೆ. ಹೆಸರು ಕೂಗಿದ ಹಾಗೆ ಆಗುವುದು ನಿಂತು ಏಳೆಂಟು ತಿಂಗಳಾಯಿತು. ಬಸ್ಸಿನಲ್ಲಿ ಅನುಮಾನ ಎಲ್ಲೋ ಅಪರೂಪಕ್ಕೆ. ಬಾಕಿ ಇದ್ದ ವಿಷಯ ಪಾಸು ಮಾಡಿಕೊಂಡಳು. ಹಿಮೋಗ್ಲೋಬಿನ್ 12 ದಾಟಿದೆ. ಖಿನ್ನತೆಯ ಮಾತ್ರೆಯನ್ನು ಮನೋವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ. ಊಟ, ಮಗು, ತೋಟ, ಇವುಗಳ ಖುಷಿ ಚೆನ್ನಾಗಿಯೇ ಮರಳಿದೆ. ಜನರ ಜೊತೆಯ ಖುಷಿ ಅಷ್ಟು ಮರಳಿಲ್ಲ. ಇಬ್ಬರು ಗೆಳತಿಯರು ಸಾಕು ಅನ್ನುತ್ತಾಳೆ. ಮದುವೆ ಮನೆಗೆ ಹೋದರೆ ಊಟ ಮುಗಿಸಿ ಬೇಗ ಬರುತ್ತಾಳೆ. ಇದು ಅವಳ ಬದಲಾದ ಸ್ವಭಾವವೋ, ಉಳಿದಿರುವ ಕಾಯಿಲೆಯೋ ಅಂತ ಇವತ್ತಿಗೆ ತೀರ್ಮಾನ ಮಾಡುವ ಅಗತ್ಯ ಇಲ್ಲ. ಮೂರು ತಿಂಗಳಿಗೊಮ್ಮೆ ಬರುತ್ತಿದ್ದಾಳೆ, ಇನ್ನೂ ಎರಡು ವರ್ಷವಾದರೂ ಬರಬೇಕು ಅಂತ ಮಾತಾಗಿದೆ.

ಮನೆಯವರು ಯಾವುದಕ್ಕೆ ಕಾಯದೆ ಓಡಿ ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. "ಇಲ್ಲ ಅಂತ ಗೊತ್ತು" ಅನ್ನುವ ಮಾತು ಹೋಗಿ "ಹೌದು, ನಿಜವಾಗಿ ಕೇಳಿಸ್ತಿದೆ" ಅಂದರೆ. ಮೂರ್ನಾಲ್ಕು ರಾತ್ರಿ ನಿದ್ದೆಯೇ ಇಲ್ಲದಿದ್ದರೆ. ಊಟಕ್ಕೆ ಯಾರೋ ಏನೋ ಹಾಕಿದ್ದಾರೆ ಅಂತ ಬಿಟ್ಟರೆ. ಸಾಯುವ ಮಾತಾಡಿದರೆ. ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ತುಮಕೂರಿನ ಜಿಲ್ಲಾ ಆಸ್ಪತ್ರೆ, ಹೊತ್ತಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಇಷ್ಟೂ ಅದರಲ್ಲಿದೆ. ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ಹಾಳೆ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಇದೆ. ಇಟ್ಟದ್ದು ಹುಡುಗಿಯೇ.

ಕಳೆದ ಭೇಟಿಗೆ ಬರುವಾಗ ಅವಳು ಮಾವನನ್ನೂ ಕರೆದುಕೊಂಡು ಬಂದಿದ್ದಳು. ಅವನ ಇಂಜೆಕ್ಷನ್ ಡೋಸ್ ಕಡಿಮೆ ಮಾಡಬಹುದಾ ಅಂತ ಡಾಕ್ಟರ ಹತ್ತಿರ ಅವಳೇ ಕೇಳಿದಳು. ಡಾಕ್ಟರು ಪರೀಕ್ಷಿಸಿ ಸ್ವಲ್ಪ ಇಳಿಸಿದ್ದಾರೆ, ಮುಂದಿನ ತಿಂಗಳು ಮತ್ತೆ ನೋಡುತ್ತಾರೆ. ಮಾವನಿಗೂ ಒಂದು ಪುಸ್ತಕ ಕೊಟ್ಟಿದ್ದೇವೆ, ಎರಡು ಕಾಲಂ ಹಾಕಿ. ಅಂಕ ಬರೆಸುವ ಜವಾಬ್ದಾರಿ ಅವಳದು.